ಚಿತ್ರಮೂಲದ ಉರಿಗೆ ಕೊಬ್ಬಿನ ಹೊದಿಕೆ

ಹರಪನಹಳ್ಳಿಯಿಂದ ಹರಿಹರದ ಕಡೆಗೆ ಹೊರಟರೆ ದಾರಿಯಲ್ಲಿ ತೆಲಿಗಿ ಸಿಗುತ್ತದೆ. ಸುತ್ತಮುತ್ತ ಮೆಕ್ಕೆಜೋಳದ ಹೊಲಗಳು. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಕಡೆ ಸರಿದಂತೆ ಜೋಳ, ಶೇಂಗಾ, ಸೂರ್ಯಕಾಂತಿ, ಈರುಳ್ಳಿ. ಈ ಬಯಲುಸೀಮೆಯ ಬದುಗಳ ಮೇಲೆ, ಬೇಲಿಯ ಬುಡದಲ್ಲಿ ಯಾರೂ ನೆಡದೆ, ಯಾರೂ ನೀರು ಹನಿಸದೆ ಬೆಳೆಯುವ ಗಿಡಗಳನ್ನು ಹಿರಿಯರು ಇವತ್ತಿಗೂ ಹೆಸರು ಹಿಡಿದು ಗುರುತಿಸುತ್ತಾರೆ. ಬಿಳಿ ಹೂವಿನ ಚಿತ್ರಮೂಲ. ಪೇಟೆಯಲ್ಲಿ ಅಶ್ವಗಂಧ ಎಂದು ಹೆಸರಾದ ಹಿರೇಮದ್ದಿನ ಗಿಡ. ಅಂಗಳದಲ್ಲೂ ಗುಡಿಯ ಹಿಂದೆಯೂ ವರ್ಷವಿಡೀ ಅರಳುವ ನಿತ್ಯಪುಷ್ಪ. ಮೂರರಲ್ಲೂ ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ರಾಸಾಯನಿಕಗಳಿವೆ. ಆದರೆ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನ ಇಂಜೆಕ್ಷನ್ ಬಾಟಲಿಯವರೆಗೆ ತಲುಪಿದ್ದು ನಿತ್ಯಪುಷ್ಪವೊಂದೇ. ಉಳಿದೆರಡು ದಾರಿಯಲ್ಲೇ ನಿಂತಿವೆ. ಕೊಲ್ಲುವ ಶಕ್ತಿ ಸಾಲದೆ ನಿಂತದ್ದಲ್ಲ. ಹೋಗಬೇಕಾದ ಜಾಗಕ್ಕೆ, ಬೇಕಾದಷ್ಟು ಪ್ರಮಾಣದಲ್ಲಿ, ಉಳಿದ ಮೈಯನ್ನು ಹಾಳುಮಾಡದೆ ಹೋಗಲು ಬಾರದೆ ನಿಂತದ್ದು. ಸಸ್ಯಮೂಲದ ಕ್ಯಾನ್ಸರ್ ಮದ್ದಿನ ಕಥೆಯಲ್ಲಿ ನನಗೆ ಗಿಡಕ್ಕಿಂತ ಹೆಚ್ಚು ಕುತೂಹಲದ್ದೆನಿಸುವುದು ಈ ಸಾಗಾಟವೇ.

ಇಂಥ ಗಿಡದ ಸಾರ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬಹುಮಟ್ಟಿಗೆ ಅದು ನಿಜವೇ. ಕೊಂದದ್ದು ಎಲ್ಲಿ ಎಂಬುದನ್ನು ಮಾತ್ರ ಸುದ್ದಿಯ ಕೊನೆಯ ಸಾಲಿನವರೆಗೂ ಹುಡುಕಬೇಕಾಗುತ್ತದೆ. ನಮ್ಮ ಫಾರ್ಮಸಿ ಕಾಲೇಜುಗಳ, ಜೈವಿಕ ತಂತ್ರಜ್ಞಾನ ವಿಭಾಗಗಳ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಕಡೆಯಿಂದ ಕ್ಯಾನ್ಸರ್ ಕೋಶಗಳ ತಳಿ ತರಿಸುತ್ತಾರೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಮಹಿಳೆಯ ಗರ್ಭಕೊರಳಿನ ಗೆಡ್ಡೆಯಿಂದ ತೆಗೆದು, ಇವತ್ತಿಗೂ ಸಾಯದೆ ಬೆಳೆಯುತ್ತಲೇ ಇರುವ ಹೀಲಾ ಕೋಶಗಳು ಇವುಗಳಲ್ಲಿ ಹೆಸರುವಾಸಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ 96 ಗುಳಿಗಳಲ್ಲಿ ಕೋಶಗಳನ್ನು ಬೆಳೆಸಿ, ಒಂದೊಂದು ಗುಳಿಗೂ ಒಂದೊಂದು ಪ್ರಮಾಣದ ಸಾರ ಹಾಕಿ ಎರಡು ಮೂರು ದಿನ ಬಿಡುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ಬಣ್ಣ ಬೆರೆಸುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆಯಾಗಿ ಮಾರ್ಪಡಿಸುತ್ತದೆ, ಸತ್ತದ್ದು ಮಾರ್ಪಡಿಸುವುದಿಲ್ಲ. ನೇರಳೆ ಎಷ್ಟು ತಿಳಿಯಾಯಿತು ಎಂಬುದರಿಂದ ಎಷ್ಟು ಕೋಶ ಸತ್ತವು ಎಂಬ ಲೆಕ್ಕ. 1983ರಲ್ಲಿ ಬಂದ ಈ ಪರೀಕ್ಷೆ ಅಗ್ಗದ್ದು, ಬೇಗ ಮುಗಿಯುವಂಥದ್ದು. ಅದೇ ಗುಳಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೂ ಕೋಶ ಸಾಯುತ್ತವೆ, ನೇರಳೆ ಮೂಡುವುದಿಲ್ಲ. ಆ್ಯಸಿಡ್ಡನ್ನು ಯಾರೂ ಮದ್ದು ಎನ್ನುವುದಿಲ್ಲ.

ಈಗ ಚಿತ್ರಮೂಲಕ್ಕೆ ಬರೋಣ. ಅದರ ಬೇರನ್ನು ಜಜ್ಜಿ ಚರ್ಮಕ್ಕೆ ಹಚ್ಚಿದರೆ ಉರಿದು ಬೊಬ್ಬೆ ಏಳುತ್ತದೆ. ಊರ ಮದ್ದಿನವರು ಅದನ್ನು ಬಲು ಎಚ್ಚರದಿಂದ ಬಳಸುತ್ತಿದ್ದರು. ಬಸುರಿಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ, ಗರ್ಭ ಇಳಿಯುತ್ತದೆಂಬ ಭಯ. ಆಯುರ್ವೇದದವರು ಬೇರನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ ಶುದ್ಧಿ ಮಾಡಿದ ಮೇಲೆಯೇ ಚಿತ್ರಕವೆಂದು ಔಷಧಿಗೆ ಸೇರಿಸುತ್ತಾರೆ. ಉರಿಗೆ ಕಾರಣ ಪ್ಲಂಬಾಜಿನ್ ಎಂಬ ಹಳದಿ ವಸ್ತು. ಗೋರಂಟಿಯ ಕೆಂಪಿಗೆ ಕಾರಣವಾದ ಲಾಸೋನ್ ಇದೇ ರಾಸಾಯನಿಕ ಕುಲದ್ದು. ಪ್ಲಂಬಾಜಿನ್ ಕೋಶದೊಳಗೆ ಹೊಕ್ಕರೆ ಅಲ್ಲಿ ಕಡುಚುರುಕಿನ ಆಮ್ಲಜನಕದ ಕಣಗಳನ್ನು ಹುಟ್ಟಿಸಿ, ಕೋಶದ ಒಳಗನ್ನೇ ಸುಡುತ್ತದೆ. ಕ್ಯಾನ್ಸರ್ ಕೋಶ ಸಾಯುತ್ತದೆ, ಒಳ್ಳೆಯ ಕೋಶವೂ ಸಾಯುತ್ತದೆ. ಇಲಿಗಳ ಮೇಲೆ ಕೆಲಸ ಮಾಡಿದವರಿಗೆ ಕಂಡದ್ದು ಏನೆಂದರೆ ಗೆಡ್ಡೆ ಕುಗ್ಗಿಸುವ ಪ್ರಮಾಣಕ್ಕೂ ಇಲಿಯನ್ನೇ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಬಲು ಕಿರಿದು. ಸಾಲದ್ದಕ್ಕೆ ಅದು ನೀರಿನಲ್ಲಿ ಕರಗದು, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದು.

ಈ ಬೇರಿನ ಉರಿಯನ್ನು ಪಳಗಿಸಲು ಕರ್ನಾಟಕದಲ್ಲಿ ನಡೆದ ಕೆಲಸ ಮಣಿಪಾಲದ್ದು. ಅಲ್ಲಿನ ಔಷಧ ವಿಜ್ಞಾನ ಕಾಲೇಜಿನ ಎನ್. ಉಡುಪ ಮತ್ತು ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನಿ ಪಿ. ಉಮಾದೇವಿ 1990ರ ದಶಕದಲ್ಲಿ ಚಿತ್ರಮೂಲ, ಅಶ್ವಗಂಧಗಳ ಬೆನ್ನು ಹತ್ತಿದ್ದರು. ಉಮಾದೇವಿಯವರ ಗುಂಪಿಗೆ ಇವುಗಳ ಗೆಡ್ಡೆ ಕುಗ್ಗಿಸುವ ಗುಣವಷ್ಟೇ ಅಲ್ಲ, ವಿಕಿರಣ ಚಿಕಿತ್ಸೆಯ ಜೊತೆ ಕೊಟ್ಟರೆ ಗೆಡ್ಡೆ ಹೆಚ್ಚು ಬೇಗ ಮಣಿಯುತ್ತದೆಯೇ ಎಂಬುದರಲ್ಲೂ ಆಸಕ್ತಿ. 1996ರಲ್ಲಿ ಈ ತಂಡ ಪ್ರಕಟಿಸಿದ ಪ್ರಬಂಧದಲ್ಲಿ ಪ್ಲಂಬಾಜಿನ್ನನ್ನು ನಿಯೋಸೋಮ್ ಎಂಬ ಸೂಕ್ಷ್ಮ ಕೋಶಿಕೆಗಳಲ್ಲಿ ತುಂಬಿ ಇಲಿಗಳಿಗೆ ಕೊಟ್ಟಾಗ ವಿಷ ತಗ್ಗಿತು, ಗೆಡ್ಡೆಯ ಮೇಲಿನ ಪರಿಣಾಮ ಹೆಚ್ಚಿತು ಎಂದಿತ್ತು. ನಿಯೋಸೋಮ್ ಎಂದರೆ ಕೊಬ್ಬಿನ ಸೂಕ್ಷ್ಮ ಗುಂಡಾದ ಲಿಪೊಸೋಮಿನ ದಾಯಾದಿ. ಕೊಬ್ಬಿನ ಬದಲು ಸಾಬೂನಿನ ಜಾತಿಯ, ಆದರೆ ವಿದ್ಯುದಂಶವಿಲ್ಲದ ವಸ್ತುವಿನಿಂದ ಮಾಡಿದ್ದು, ಅಗ್ಗದ್ದು. ಹದಿನೈದು ವರ್ಷದ ನಂತರ, 2011ರಲ್ಲಿ, ಬಿ.ಎಸ್. ಸತೀಶ್ ರಾವ್ ಮತ್ತು ಉಡುಪರು ಇದ್ದ ಮಣಿಪಾಲದ ಇನ್ನೊಂದು ತಂಡ ಅದೇ ಪ್ಲಂಬಾಜಿನ್ನನ್ನು ನಿಜವಾದ ಲಿಪೊಸೋಮಿನೊಳಗೆ ತುಂಬಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕಸಿ ಮಾಡಿದ್ದ ಇಲಿಗಳಿಗೆ ಚುಚ್ಚಿತು. ಬಿಡಿ ಪ್ಲಂಬಾಜಿನ್ ರಕ್ತದಿಂದ ಬಲುಬೇಗ ಮಾಯವಾದರೆ, ಹೊದಿಕೆ ಹಾಕಿದ್ದು ಹಲವು ಪಟ್ಟು ಹೆಚ್ಚು ಹೊತ್ತು ನಿಂತಿತು. ಗೆಡ್ಡೆಯ ಬೆಳವಣಿಗೆಯೂ ಹೆಚ್ಚು ನಿಧಾನಿಸಿತು. ಬದುವಿನ ಮೇಲಿನ ಬೇರಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆಡೆ ಸಿಕ್ಕಿದ್ದು ಕಡಿಮೆ.

ಲಿಪೊಸೋಮ್ ಎಂಬುದು ಹುಟ್ಟಿದ್ದು ಔಷಧಿಗಾಗಿ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಎಂಬ ರಕ್ತವಿಜ್ಞಾನಿ 1960ರ ದಶಕದ ಆರಂಭದಲ್ಲಿ ಹೊಸ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೀರಿನಲ್ಲಿ ಕದಡಿದ ಲೆಸಿಥಿನ್ ಎಂಬ ಕೊಬ್ಬನ್ನು ಇಟ್ಟು ನೋಡುತ್ತಿದ್ದರು. ಜೊತೆಗಿದ್ದವರು ಆರ್.ಡಬ್ಲ್ಯು. ಹಾರ್ನ್. ಕಂಡದ್ದು ಒಂದರೊಳಗೊಂದು ಸೇರಿಕೊಂಡ ಪೊರೆಯ ಉಂಗುರಗಳು. ಅವರ ಪ್ರಬಂಧ 1964ರಲ್ಲಿ ಬಂತು. ಜೀವಕೋಶದ ಪೊರೆ ಹೇಗಿರಬಹುದು ಎಂದು ತಿಳಿಯಲು ಒಳ್ಳೆಯ ಮಾದರಿ ಸಿಕ್ಕಿತೆಂದು ವಿಜ್ಞಾನಿಗಳು ಹಿಗ್ಗಿದರು, ಅಷ್ಟೆ. ಇದರೊಳಗೆ ಏನನ್ನಾದರೂ ತುಂಬಿ ಮೈಯೊಳಗೆ ಕಳಿಸಬಹುದಲ್ಲ ಎಂದು ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಜೊತೆಗಾರರು ತೋರಿಸಿದ್ದು 1971ರಲ್ಲಿ.

ಕೊಬ್ಬಿನ ಈ ಅಣುಗಳದ್ದು ಎರಡು ಸ್ವಭಾವ. ಲೆಸಿಥಿನ್ನಿನಂಥ ಫಾಸ್ಫೋಲಿಪಿಡ್ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ನೀರಿನಲ್ಲಿ ಬಿಟ್ಟರೆ ಬಾಲಗಳು ಒಂದಕ್ಕೊಂದು ಮುಖಮಾಡಿ, ತಲೆಗಳು ಎರಡೂ ಬದಿಗೆ ಹೊರಳಿ, ಎರಡು ಸಾಲಿನ ಹಾಳೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಹಾಳೆಯ ಅಂಚು ನೀರಿಗೆ ತೆರೆದುಕೊಂಡಿರಲಾರದೆ ಸುತ್ತಿಕೊಂಡು ಮುಚ್ಚಿ, ಒಳಗೊಂದಿಷ್ಟು ನೀರನ್ನು ಹಿಡಿದ ಗುಂಡಾಗುತ್ತದೆ. ನಾಗರಪಂಚಮಿಯ ಕಡುಬನ್ನು ನೆನೆಸಿಕೊಂಡರೆ ಒಳಗುಟ್ಟು ಸಲೀಸಾಗಿ ತಿಳಿಯುತ್ತದೆ: ನೀರಿನಲ್ಲಿ ಕರಗುವ ಮದ್ದನ್ನು ಹೂರಣದ ಜಾಗದಲ್ಲಿ ಇಡಬಹುದು, ಎಣ್ಣೆಯಲ್ಲಿ ಕರಗುವ ಮದ್ದು ಹೊರಗಿನ ಕಣಕದೊಳಗೇ ನಾದಿಕೊಂಡು ಕೂರುತ್ತದೆ. ಪ್ಲಂಬಾಜಿನ್, ಅರಿಸಿನದ ಕರ್ಕ್ಯುಮಿನ್ ಇವೆಲ್ಲ ಎರಡನೆಯ ಬಗೆ. ಈ ವ್ಯತ್ಯಾಸದ ಮೇಲೆಯೇ ಮುಂದಿನ ಸೋಲು ಗೆಲುವುಗಳೆಲ್ಲ ನಿಂತಿವೆ.

ಮಾಡುವ ಬಗೆಯೂ ಅಂಥ ಗಹನವಲ್ಲ. ಲೆಸಿಥಿನ್ ಮತ್ತು ಕೊಲೆಸ್ಟರಾಲನ್ನು, ಎಣ್ಣೆಬಗೆಯ ಮದ್ದಾದರೆ ಅದನ್ನೂ ಸೇರಿಸಿ, ಕ್ಲೋರೋಫಾರ್ಮಿನಂಥ ದ್ರಾವಕದಲ್ಲಿ ಕರಗಿಸಿ ದುಂಡುತಳದ ಫ್ಲಾಸ್ಕಿಗೆ ಹಾಕುತ್ತಾರೆ. ಫ್ಲಾಸ್ಕನ್ನು ಬಿಸಿನೀರಿನ ಮೇಲೆ ತಿರುಗಿಸುತ್ತ ಗಾಳಿ ಎಳೆದರೆ ದ್ರಾವಕ ಆರಿ ಗಾಜಿನ ಒಳಮೈಗೆ ತೆಳುವಾದ ಪೊರೆ ಅಂಟುತ್ತದೆ. ಅದಕ್ಕೆ ಬೆಚ್ಚಗಿನ ನೀರು ಹಾಕಿ ಕುಲುಕಿದರೆ ಪೊರೆ ಎದ್ದು ಗುಂಡುಗಳಾಗಿ, ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಗಾತ್ರ ಮಾತ್ರ ಒಂದೊಂದರದು ಒಂದೊಂದು. ಸುಮಾರು 100 ನ್ಯಾನೊಮೀಟರ್ ತೂತುಗಳ ಪೊರೆಯ ಮೂಲಕ ಮತ್ತೆ ಮತ್ತೆ ಒತ್ತಿ ಹಾಯಿಸಿದರೆ ಸಮನಾದವು ಸಿಗುತ್ತವೆ. ತಲೆಗೂದಲೊಂದರ ದಪ್ಪ ಇದಕ್ಕಿಂತ ಎಂಟುನೂರು, ಸಾವಿರ ಪಟ್ಟು ಹೆಚ್ಚು. ಇದರ ಮೂಲವಸ್ತುವಾದ ಲೆಸಿಥಿನ್ ಸಿಗುವುದು ಮೊಟ್ಟೆಯ ಹಳದಿಯಿಂದ, ಸೋಯಾದಿಂದ, ಸೂರ್ಯಕಾಂತಿಯಿಂದ. ಎಣ್ಣೆ ಗಿರಣಿಯವರು ಎಣ್ಣೆ ತಿಳಿಮಾಡುವಾಗ ಬೇರ್ಪಡಿಸುವ ಅಂಟು ಉಂಟಲ್ಲ, ಅದೇ. ಹಾಗೆ ನೋಡಿದರೆ ಹಡಗಲಿ, ಕೊಟ್ಟೂರು ಕಡೆಯ ಹೊಲಗಳಲ್ಲಿ ಮದ್ದೂ ಬೆಳೆಯುತ್ತದೆ, ಮದ್ದಿನ ಹೊದಿಕೆಯೂ ಬೆಳೆಯುತ್ತದೆ. ನಡುವಿನ ಕೆಲಸವೇ ಕಷ್ಟದ್ದು.

ರಕ್ತದೊಳಗೆ ಬಂದ ಇಂಥ ಗುಂಡನ್ನು ದೇಹ ಸುಮ್ಮನೆ ಬಿಡುವುದಿಲ್ಲ. ಪಿತ್ತಜನಕಾಂಗ ಮತ್ತು ಗುಲ್ಮದಲ್ಲಿ ಕಾವಲಿರುವ ಭಕ್ಷಕ ಕೋಶಗಳು ಅದನ್ನು ಹೊರಗಿನದೆಂದು ಗುರುತಿಸಿ ನುಂಗುತ್ತವೆ. ಮೊದಲ ಹತ್ತಿಪ್ಪತ್ತು ವರ್ಷ ಲಿಪೊಸೋಮ್ ಮದ್ದುಗಳು ಮೇಲೇಳದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರನ್ನು ಹಿಡಿದುಕೊಳ್ಳುವ ಉದ್ದ ಎಳೆಗಳನ್ನು ಗುಂಡಿನ ಹೊರಮೈಗೆ ನೆಟ್ಟರೆ ಕಾವಲಿನವರಿಗೆ ಬೇಗ ಗುರುತು ಸಿಗುವುದಿಲ್ಲ ಎಂಬುದು ಗೊತ್ತಾದ ಮೇಲೆ ದಾರಿ ತೆರೆಯಿತು. ಮಣಿಪಾಲದ 2011ರ ಲಿಪೊಸೋಮಿಗೂ ಇದೇ ಎಳೆಗಳನ್ನು ನೆಟ್ಟಿದ್ದರು. ಗೆಡ್ಡೆಯ ಕಡೆಯಿಂದಲೂ ಒಂದು ಅನುಕೂಲವಿದೆ. ಅವಸರದಲ್ಲಿ ಬೆಳೆದ ಗೆಡ್ಡೆಯ ರಕ್ತನಾಳಗಳು ಒರಟು ಕಟ್ಟಡ, ಸಂದಿ ಜಾಸ್ತಿ. ಒಳ್ಳೆಯ ನಾಳದಿಂದ ಹೊರಬರಲಾರದ 100 ನ್ಯಾನೊಮೀಟರಿನ ಗುಂಡು ಆ ಸಂದಿಯಲ್ಲಿ ನುಸುಳಿ ಗೆಡ್ಡೆಯೊಳಗೆ ಉಳಿಯುತ್ತದೆ. ಜಪಾನಿನ ಹಿರೋಷಿ ಮಾಯೆದಾ ಮತ್ತು ಯಾಸುಹಿರೊ ಮಾತ್ಸುಮುರಾ 1986ರಲ್ಲಿ ಇದನ್ನು ವಿವರಿಸಿದರು. ಇಲಿಗಳ ಗೆಡ್ಡೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮನುಷ್ಯರ ಗೆಡ್ಡೆಗಳಲ್ಲಿ ಒಬ್ಬರಿಗೊಂದು ಬಗೆ, ಕೆಲವರಲ್ಲಿ ಕಾಣುವುದೇ ಇಲ್ಲ.

ಹೀಗೆ ಎಳೆ ನೆಟ್ಟ ಲಿಪೊಸೋಮ್ ಮದ್ದುಗಳಲ್ಲಿ ಮೊದಲು ಒಪ್ಪಿಗೆ ಪಡೆದದ್ದು 1995ರ ಡಾಕ್ಸಿಲ್. ಜೆರುಸಲೇಮಿನ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗ್ಯಾಬಿಜನ್ ಅದರ ಹಿಂದಿದ್ದವರು. ಒಳಗಿನ ಡಾಕ್ಸೊರುಬಿಸಿನ್ ಗಿಡದ್ದಲ್ಲ, ಮಣ್ಣಿನ ಬ್ಯಾಕ್ಟೀರಿಯದ್ದು. ಆದರೂ ಅದರಿಂದ ಒಂದು ಪಾಠವಿದೆ. ಬಿಡಿ ಡಾಕ್ಸೊರುಬಿಸಿನ್ ಹೃದಯವನ್ನು ಹಾಳುಮಾಡುತ್ತದೆ. ಹೊದಿಕೆ ಹಾಕಿದ ಮೇಲೆ ಆ ಹಾನಿ ತಗ್ಗಿತು, ಆದರೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಹೊಸ ತೊಂದರೆ ಬಂತು. ವಿಷ ಇಲ್ಲವಾಗಲಿಲ್ಲ, ಜಾಗ ಬದಲಿಸಿತು. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿನ ಸರ್ಕಾರವೇ ಭಾರತದ ಸನ್ ಫಾರ್ಮಾದ ಲಿಪೋಡಾಕ್ಸ್ ತರಿಸಿಕೊಳ್ಳಲು ಅನುಮತಿಸಿತ್ತು ಎಂಬುದು ಬೇರೆ ಮಾತು. ನಮ್ಮವರಿಗೆ ಲಿಪೊಸೋಮಲ್ ಎಂಬ ಪದ ಮನೆಮಾತಾದದ್ದು ಕ್ಯಾನ್ಸರಿನಿಂದಲ್ಲ, 2021ರ ಕಪ್ಪು ಶಿಲೀಂಧ್ರದಿಂದ. ಕೋವಿಡ್ ಬಿಟ್ಟುಹೋದ ಮೈಗೆ ಆ ರೋಗ ಹತ್ತಿದಾಗ ಆಸ್ಪತ್ರೆಯ ಚೀಟಿ ಹಿಡಿದು ಊರೂರು ಅಲೆದವರು ಕೇಳಿದ್ದು ಲಿಪೊಸೋಮಲ್ ಆಂಫೊಟೆರಿಸಿನ್ ಬಿ. ಹೊದಿಕೆಯಿಲ್ಲದ ಹಳೆಯ ಆಂಫೊಟೆರಿಸಿನ್ ಅಗ್ಗಕ್ಕೇ ಸಿಗುತ್ತಿತ್ತು, ಮೂತ್ರಪಿಂಡವನ್ನು ಮಾತ್ರ ಉಳಿಸುತ್ತಿರಲಿಲ್ಲ. ಕೊಬ್ಬಿನ ಗುಂಡಿಗೆ ಎಷ್ಟು ಬೆಲೆ ಎಂಬುದು ಆ ಎರಡು ಬಾಟಲಿಗಳ ದರದ ನಡುವಿನ ಅಂತರದಲ್ಲಿ ಎಷ್ಟೋ ಮನೆಯವರಿಗೆ ತಿಳಿಯಿತು.

ನಿತ್ಯಪುಷ್ಪದ ದಾರಿ ಬೇರೆಯೇ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯ ಕಷಾಯವನ್ನು ಹಲವು ದೇಶಗಳಲ್ಲಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಜಮೈಕಾದಿಂದ ಬಂದ ಎಲೆಗಳು ಕೆನಡಾದ ವೈದ್ಯರೊಬ್ಬರ ಮೂಲಕ ಅವರ ತಮ್ಮ ರಾಬರ್ಟ್ ನೋಬಲ್ ಕೈಸೇರಿದವು. ಸಕ್ಕರೆ ಇಳಿಯುವುದೇ ಎಂದು ನೋಡಲು ಹೋದವರಿಗೆ ಇಲಿಗಳ ಬಿಳಿರಕ್ತಕಣ ಕುಸಿಯುವುದು ಕಂಡಿತು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಅದೇ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಒಪ್ಪಿಗೆ ಪಡೆಯಿತು. ಟನ್ನುಗಟ್ಟಲೆ ಒಣ ಎಲೆ ಅರೆದರೆ ಸಿಗುವುದು ಗ್ರಾಮಿನ ಲೆಕ್ಕದಲ್ಲಿ. ಮಕ್ಕಳ ರಕ್ತದ ಕ್ಯಾನ್ಸರ್ ಗುಣವಾಗುವ ಕಾಯಿಲೆಯಾದದ್ದರಲ್ಲಿ ಈ ಮದ್ದಿನ ಪಾಲು ದೊಡ್ಡದು. ಬೆಂಗಳೂರಿನ ಕಿದ್ವಾಯಿಯಲ್ಲೂ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೂ ದಿನಬಳಕೆಯ ಮದ್ದು ಇದು. ಆದರೆ ನರಗಳನ್ನು ಹಿಡಿಯುತ್ತದೆ. ಬೆರಳು ಜುಮುಗುಟ್ಟುತ್ತವೆ, ಹೆಜ್ಜೆ ತಪ್ಪುತ್ತದೆ. ಅದಕ್ಕೇ ಎಷ್ಟೇ ದೊಡ್ಡ ಮೈಯವರಾದರೂ ಒಮ್ಮೆಗೆ 2 ಮಿಲಿಗ್ರಾಂ ದಾಟಿಸಬಾರದೆಂಬ ಕಟ್ಟುಪಾಡು ಬಹುಕಾಲದಿಂದ ನಡೆದುಬಂದಿದೆ.

ಆ ಮಿತಿಯನ್ನು ಮೀರಲು ಹುಟ್ಟಿದ್ದು ಮಾರ್ಕಿಬೊ, ವಿನ್‌ಕ್ರಿಸ್ಟಿನ್ ತುಂಬಿದ ಲಿಪೊಸೋಮ್. 2012ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಸ್ಪತ್ರೆಯ ಔಷಧಾಲಯದಲ್ಲಿ ಮೂರು ಸೀಸೆಗಳನ್ನು ಬೆರೆಸಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ತಣಿಸಿ ಕೊಡಬೇಕಿತ್ತು. ಬೇರೆ ಯಾವ ಮದ್ದಿಗೂ ಬಗ್ಗದ ರಕ್ತದ ಕ್ಯಾನ್ಸರಿನ 65 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ 10 ಮಂದಿಯ ರಕ್ತದಿಂದ ರೋಗ ಮರೆಯಾಗಿತ್ತು. ಕಡಿಮೆಯೇನಲ್ಲ, ಅವರ ಪಾಲಿಗಂತೂ. ಆದರೆ ನಿಜವಾಗಿ ಹೆಚ್ಚು ದಿನ ಬದುಕುತ್ತಾರೆಯೇ ಎಂದು ತೋರಿಸಬೇಕಿದ್ದ ಮುಂದಿನ ಪರೀಕ್ಷೆ ಕೈಗೂಡಲಿಲ್ಲ. 2022ರಲ್ಲಿ ಒಪ್ಪಿಗೆ ಹಿಂದಕ್ಕೆ ಹೋಯಿತು. ಹೊದಿಕೆಯಿಲ್ಲದ ಹಳೆಯ ವಿನ್‌ಕ್ರಿಸ್ಟಿನ್ ಇವತ್ತೂ ಕೆಲಸ ಮಾಡುತ್ತಿದೆ, ಅಗ್ಗದ ದರದಲ್ಲಿ. ಲಿಪೊಸೋಮ್ ಎಂದ ಕೂಡಲೇ ಹಳೆಯದಕ್ಕಿಂತ ಮೇಲು ಎಂದು ನಂಬುವವರು ಈ ಕಥೆಯನ್ನೂ ಓದಬೇಕು.

ಗೆದ್ದ ಕಥೆಯೊಂದು ನಮ್ಮ ಪಶ್ಚಿಮಘಟ್ಟಕ್ಕೆ ಹತ್ತಿರದ್ದು. 1966ರಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾನಿ ಅಮೆರಿಕದಲ್ಲಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದರು. ಆರು ವರ್ಷಗಳ ನಂತರ, 1972ರಲ್ಲಿ, ಮುಂಬೈಯಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ಘಟ್ಟದ ಸಣ್ಣ ಮರವೊಂದರಲ್ಲಿ ಕಂಡರು. ಹೂವಿನ ಕೆಟ್ಟ ನಾತದಿಂದಾಗಿ ನಮ್ಮಲ್ಲಿ ಅದು ದುರ್ವಾಸನೆ ಮರ, ಮರಾಠಿಗರಿಗೆ ನರಕ್ಯಾ. ಬೆಲೆ ಬಂದದ್ದೇ ತಡ, ಮರ ಕಡಿದು ಚಕ್ಕೆ ಮಾಡಿ ಸಾಗಿಸುವ ದಂಧೆ ಶುರುವಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಎಲ್ಲೆಲ್ಲಿ ಮರಗಳಿವೆ, ಯಾವ ಮರದಲ್ಲಿ ಎಷ್ಟು ಮದ್ದಿದೆ ಎಂದು ಅಳೆದರು. ಮರದೊಳಗೆ ವಾಸಿಸುವ ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆ ಎಂಬುದು ಕಂಡಾಗ ಮರ ಕಡಿಯುವುದೇ ಬೇಡ ಎಂಬ ಆಸೆ ಹುಟ್ಟಿತ್ತು. ಪ್ರಯೋಗಾಲಯದಲ್ಲಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಹೋದಂತೆ ಶಿಲೀಂಧ್ರ ಮದ್ದು ಮಾಡುವುದನ್ನೇ ಮರೆಯತೊಡಗಿತು. ಅದನ್ನೂ ಇವರೇ ಬರೆದು ಪ್ರಕಟಿಸಿದರು. ವಿಜ್ಞಾನಿಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಇಂಥವರೇ.

ಕ್ಯಾಂಪ್ಟೊಥೆಸಿನ್ ಕೂಡ ಬಿಡಿಯಾಗಿ ಸೋತದ್ದೇ. ನೀರಿನಲ್ಲಿ ಕರಗದು, ಕರಗುವ ಉಪ್ಪಾಗಿ ಮಾಡಿ 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟಾಗ ಗೆಡ್ಡೆ ಕರಗಲಿಲ್ಲ, ಮೂತ್ರದಲ್ಲಿ ರಕ್ತ ಬಂತು. ಅಣುವಿನಲ್ಲಿ ಲ್ಯಾಕ್ಟೋನ್ ಎಂಬ ಒಂದು ಉಂಗುರವಿದೆ. ಉಂಗುರ ಮುಚ್ಚಿದ್ದರೆ ಮದ್ದು, ತೆರೆದರೆ ಕೆಲಸವಿಲ್ಲ. ರಕ್ತದ ಕ್ಷಾರತೆ ಅದನ್ನು ತೆರೆದುಬಿಡುತ್ತದೆ. ಅಣುವನ್ನು ತುಸು ತಿದ್ದಿ ಮಾಡಿದ ಇರಿನೊಟೆಕಾನ್ 1990ರ ದಶಕದಲ್ಲಿ ಬಂತು. ಅದನ್ನು ಲಿಪೊಸೋಮಿನಲ್ಲಿ ತುಂಬಿದ ಒನಿವೈಡ್ 2015ರ ಅಕ್ಟೋಬರಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಒಪ್ಪಿಗೆಯಾಯಿತು. ಇಲ್ಲಿನ ಜಾಣತನ ಗಮನಿಸಬೇಕು. ಖಾಲಿ ಗುಂಡಿನೊಳಗೆ ಮೊದಲೇ ಒಂದು ಬಗೆಯ ಸಕ್ಕರೆಯ ಸಲ್ಫೇಟ್ ಉಪ್ಪನ್ನು ತುಂಬಿಡುತ್ತಾರೆ. ಇರಿನೊಟೆಕಾನ್ ಪೊರೆ ದಾಟಿ ಒಳಹೊಕ್ಕ ಕೂಡಲೇ ವಿದ್ಯುದಂಶ ಪಡೆದು ಆ ಸಲ್ಫೇಟಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮತ್ತೆ ಹೊರಬರಲಾಗದು. ಒಂದೊಂದು ಗುಂಡಿನಲ್ಲಿ ಸುಮಾರು 80 ಸಾವಿರ ಅಣುಗಳು, ಉಂಗುರ ಮುಚ್ಚಿಕೊಂಡೇ ಇರುವಂಥ ಒಳಗಿನ ಹುಳಿಯಲ್ಲಿ. ಮೊದಲ ಕಿಮೊ ಫಲಿಸದ ರೋಗಿಗಳಿಗೆ ಇದನ್ನು ಬೇರೆ ಮದ್ದಿನ ಜೊತೆ ಸೇರಿಸಿ ಕೊಟ್ಟಾಗ ಬದುಕಿದ ಮಧ್ಯಮ ಅವಧಿ 4.2 ತಿಂಗಳಿಂದ 6.1 ತಿಂಗಳಿಗೆ ಏರಿತು. ಎರಡು ತಿಂಗಳು. ಆ ಕಾಯಿಲೆಯಲ್ಲಿ ಅದು ಸಣ್ಣ ಮಾತಲ್ಲ, ಪವಾಡವೂ ಅಲ್ಲ.

ಈಗ ಚಿತ್ರಮೂಲ, ಅರಿಸಿನಗಳ ಕಷ್ಟ ತಿಳಿಯುತ್ತದೆ. ಗೆದ್ದ ಲಿಪೊಸೋಮ್ ಮದ್ದುಗಳಲ್ಲಿ ಹೆಚ್ಚಿನವು ಹೀಗೆ ಒಳಗೆ ಸಿಕ್ಕಿಬೀಳುವ ಕ್ಷಾರಗುಣದ ಅಣುಗಳು. ಪ್ಲಂಬಾಜಿನ್ ಮತ್ತು ಕರ್ಕ್ಯುಮಿನ್ ಅಂಥವಲ್ಲ. ಅವು ಪೊರೆಯ ಕೊಬ್ಬಿನಲ್ಲಿ ಸುಮ್ಮನೆ ಕರಗಿ ಕೂತಿರುತ್ತವೆ. ರಕ್ತದಲ್ಲಿ ತೇಲುವ ಆಲ್ಬುಮಿನ್, ಕೊಲೆಸ್ಟರಾಲ್ ಹೊರುವ ಕಣಗಳು, ಕೆಂಪು ರಕ್ತಕಣಗಳ ಪೊರೆ ಎಲ್ಲವೂ ಅವುಗಳಿಗೆ ಆರಾಮವಾದ ಜಾಗಗಳೇ. ಗುಂಡು ಗೆಡ್ಡೆ ಮುಟ್ಟುವ ಮೊದಲೇ ಮದ್ದು ದಾರಿಯಲ್ಲೇ ಇಳಿದುಬಿಡುವ ಸಂಭವ ಹೆಚ್ಚು. ಅಮೆರಿಕದ ಹ್ಯೂಸ್ಟನ್ನಿನಲ್ಲಿ 2005ರಲ್ಲಿಯೇ ಲಿಪೊಸೋಮ್ ಕರ್ಕ್ಯುಮಿನ್ ತಟ್ಟೆಯ ಕೋಶಗಳನ್ನೂ ಇಲಿಗಳ ಗೆಡ್ಡೆಯನ್ನೂ ಹಿಮ್ಮೆಟ್ಟಿಸಿತ್ತು. ಮುಂದೆ ಆಸ್ಟ್ರಿಯಾದಲ್ಲಿ ಮುಂದುವರಿದ ಹಂತದ ರೋಗಿಗಳ ರಕ್ತನಾಳಕ್ಕೇ ಕೊಟ್ಟು ನೋಡಿದಾಗ, 2018ರ ವರದಿಯ ಪ್ರಕಾರ, ಬಹುಮಟ್ಟಿಗೆ ಸಹಿಸಿಕೊಂಡರು, ಆದರೆ ಗೆಡ್ಡೆ ಕುಗ್ಗಿದ್ದು ಕಾಣಲಿಲ್ಲ. ಅರಿಸಿನದ ಮೇಲೆ ಬಂದಷ್ಟು ಪ್ರಬಂಧಗಳು ಬೇರೆ ಮಸಾಲೆಯ ಮೇಲೆ ಬಂದಿಲ್ಲ. ಅದೇ ಹ್ಯೂಸ್ಟನ್ನಿನಿಂದ ಬಂದ ಕರ್ಕ್ಯುಮಿನ್ ಪ್ರಬಂಧಗಳಲ್ಲಿ ಹಲವನ್ನು ಪತ್ರಿಕೆಗಳು ಹಿಂಪಡೆದೂ ಇವೆ. 2017ರಲ್ಲಿ ಅಮೆರಿಕದ ರಸಾಯನವಿಜ್ಞಾನಿಗಳ ಗುಂಪೊಂದು 120ಕ್ಕೂ ಹೆಚ್ಚು ಕರ್ಕ್ಯುಮಿನ್ ಪರೀಕ್ಷೆಗಳನ್ನು ಜರಡಿ ಹಿಡಿದು, ಕಟ್ಟುನಿಟ್ಟಾಗಿ ನಡೆದವುಗಳಲ್ಲಿ ಒಂದೂ ಗೆದ್ದಿಲ್ಲ ಎಂದು ಬರೆಯಿತು. ಸಾರಿಗೆ ಅರಿಸಿನ ಹಾಕುವುದನ್ನು ಇದಕ್ಕಾಗಿ ನಿಲ್ಲಿಸಬೇಕಿಲ್ಲ.

ಹಿರೇಮದ್ದಿನ ಗಿಡದ ವಿಥಾಫೆರಿನ್ ಎ ಕೂಡ ಇದೇ ಸಾಲಿನದು. ಮಣಿಪಾಲದ ಇಲಿಗಳಲ್ಲಿ ಗೆಡ್ಡೆ ತಡೆದಿತ್ತು. ಮುಂಬೈಯ ಟಾಟಾ ಸ್ಮಾರಕ ಕೇಂದ್ರದವರು ಮೂಳೆ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಅದನ್ನು ಬಾಯಿಯ ಮೂಲಕ ಕೊಟ್ಟ ಮೊದಲ ಹಂತದ ಪರೀಕ್ಷೆಯ ವರದಿ 2020ರ ಸುಮಾರಿಗೆ ಬಂತು. ತೊಂದರೆ ಹೆಚ್ಚಿರಲಿಲ್ಲ. ರಕ್ತದಲ್ಲಿ ಹುಡುಕಿದರೆ ಮದ್ದೇ ಸಿಗಲಿಲ್ಲ. ನುಂಗಿದ್ದು ಹೊಟ್ಟೆ ದಾಟಿ ರಕ್ತಕ್ಕೆ ಬರಲೇ ಇಲ್ಲವೆಂದ ಮೇಲೆ ಗೆಡ್ಡೆಯ ಮಾತು ದೂರ.

ಇನ್ನೊಂದು ಲೆಕ್ಕವನ್ನು ಬಿಟ್ಟರೆ ಮಾತು ಅರ್ಧವಾದೀತು. 2016ರಲ್ಲಿ ಕೆನಡಾದ ಟೊರಾಂಟೊದ ವಿಜ್ಞಾನಿಗಳು ಹತ್ತು ವರ್ಷದ ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿದರು: ಇಲಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗೆಡ್ಡೆಗೆ ತಲುಪುವ ಪಾಲಿನ ಮಧ್ಯಮ ಪ್ರಮಾಣ ನೂರಕ್ಕೆ 0.7. ಉಳಿದದ್ದೆಲ್ಲ ಪಿತ್ತಜನಕಾಂಗ, ಗುಲ್ಮ, ಮೂತ್ರ. ಲಿಪೊಸೋಮ್ ಮದ್ದನ್ನು ಗುರಿಯಿಟ್ಟು ಹೊಡೆಯುವ ಬಾಣವೆಂದು ವರ್ಣಿಸುವ ಲೇಖನಗಳು ಕನ್ನಡದಲ್ಲೂ ಬಂದಿವೆ. ಬಾಣವೇನಲ್ಲ ಅದು. ಹೆಚ್ಚೆಂದರೆ ವಿಷವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು, ಹೃದಯ, ನರಗಳ ಪಾಲು ತಗ್ಗಿಸಿ, ಗೆಡ್ಡೆಯ ಪಾಲನ್ನು ತುಸು ಏರಿಸುತ್ತದೆ. ಆ ತುಸುವಿನಲ್ಲೇ ಕೆಲವರ ಬದುಕು ನಿಂತಿರುತ್ತದೆಂಬುದೂ ಸುಳ್ಳಲ್ಲ.

ಮಣಿಪಾಲದ ಪ್ಲಂಬಾಜಿನ್ ಮುಂದೆ ಹೋಗಬೇಕಾದರೆ ಏನೇನು ಆಗಬೇಕು? ಇಲಿಯ ನಂತರ ಬೇರೆ ಪ್ರಾಣಿ, ತಿಂಗಳುಗಟ್ಟಲೆ ವಿಷಪರೀಕ್ಷೆ. ಪ್ರತಿ ಬಾರಿಯೂ ಒಂದೇ ಗಾತ್ರ, ಒಂದೇ ಪ್ರಮಾಣ ಬರುವಂತೆ, ಧೂಳಿಲ್ಲದ ಕಾರ್ಖಾನೆಯಲ್ಲಿ ತಯಾರಿ. ಕೆಡದಂತೆ 2ರಿಂದ 8 ಡಿಗ್ರಿಯಲ್ಲಿ ಇಡುವ ವ್ಯವಸ್ಥೆ. ಆಮೇಲೆ ಮನುಷ್ಯರ ಮೇಲೆ ಮೂರು ಹಂತದ ಪರೀಕ್ಷೆ. ಕೋಟಿಗಟ್ಟಲೆ ಖರ್ಚು. ಶತಮಾನಗಳಿಂದ ಎಲ್ಲರಿಗೂ ಗೊತ್ತಿರುವ ಬೇರಿನ ಅಣುವಿಗೆ ಪೇಟೆಂಟ್ ದಕ್ಕುವುದು ಕಷ್ಟ, ಹಾಗಾಗಿ ಕಂಪನಿಗಳು ಹತ್ತಿರ ಬರುವುದಿಲ್ಲ. ಬರಬೇಕಾದ್ದು ಸರ್ಕಾರದ ದುಡ್ಡು. ಪಿಎಚ್.ಡಿ. ಪ್ರಬಂಧ ಮುಗಿದ ಮೇಲೆ ಅಣುವೂ ಕಪಾಟು ಸೇರುವ ನಮ್ಮ ಪದ್ಧತಿಯಲ್ಲಿ, ಒಂದೇ ಅಣುವಿನ ಹಿಂದೆ ಹದಿನೈದು ವರ್ಷ ಒಂದೇ ಊರಿನವರು ಬಿದ್ದದ್ದೇ ಅಪರೂಪ.

ಇತ್ತ ಪೇಟೆ ಇವರಾರಿಗೂ ಕಾಯುವುದಿಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ವೈದ್ಯರು ಕ್ಯಾನ್ಸರಿಗೆ ಕೊಡುತ್ತಿದ್ದ ಚಕ್ಕೆಮದ್ದಿಗಾಗಿ ಗುರುವಾರ, ಭಾನುವಾರ ಸಾಲುಗಟ್ಟಿ ನಿಲ್ಲುತ್ತಿದ್ದವರಲ್ಲಿ ನಮ್ಮ ಬಯಲುಸೀಮೆಯವರೂ ಇದ್ದರು; ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಸುತ್ತಿ ಸೋತ ಮನೆಯವರು ಮತ್ತೇನು ಮಾಡಿಯಾರು. ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಹೊಸದಾಗಿ ಬಂದಿರುವುದು ಬೇರೆ ಜಾತಿಯ ವ್ಯಾಪಾರ. ಮೊಬೈಲಿನಲ್ಲಿ ಹುಡುಕಿದರೆ ಲಿಪೊಸೋಮಲ್ ಅರಿಸಿನ, ಲಿಪೊಸೋಮಲ್ ಅಶ್ವಗಂಧ ಎಂಬ ಬಾಟಲಿಗಳು ಸಾಲು ಸಾಲು. ಮಣಿಪಾಲದಲ್ಲಿ, ಹ್ಯೂಸ್ಟನ್ನಿನಲ್ಲಿ ಲಿಪೊಸೋಮ್ ಹೋದದ್ದು ಸೂಜಿಯ ಮೂಲಕ. ಈ ಬಾಟಲಿಗಳದ್ದು ಬಾಯಿಯ ಮೂಲಕ. ಕರುಳಿಗೆ ಇಳಿದ ಕೊಬ್ಬಿನ ಗುಂಡನ್ನು ಒಡೆಯುವುದೇ ಪಿತ್ತರಸದ ಕೆಲಸ. ಬಾಟಲಿಯೊಳಗೆ ನಿಜಕ್ಕೂ ಗುಂಡುಗಳಿವೆಯೇ, ಬರೀ ಲೆಸಿಥಿನ್ ಕಲಸಿದ ಪುಡಿಯೇ ಎಂಬುದನ್ನು ಆಹಾರ ಪೂರಕವೆಂದು ಮಾರುವವರು ಕ್ಯಾನ್ಸರ್ ಮದ್ದಿನ ಕಟ್ಟುನಿಟ್ಟಿನಲ್ಲಿ ಸಾಬೀತು ಮಾಡಬೇಕಿಲ್ಲ. ಅಶ್ವಗಂಧದ ಪೂರಕಗಳಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳು ಭಾರತದಿಂದಲೂ ಹೊರದೇಶಗಳಿಂದಲೂ ಬಂದಿವೆ. ವಿನ್‌ಕ್ರಿಸ್ಟಿನ್ ಆಗಲಿ ಇರಿನೊಟೆಕಾನ್ ಆಗಲಿ ಮೈಯಿಂದ ಹೊರಹೋಗುವುದು ಅದೇ ಪಿತ್ತಜನಕಾಂಗದ ಮೂಲಕ. ಅದು ಸೋತರೆ ಕಿಮೊ ಮದ್ದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಕಿಮೊ ನಡೆಯುತ್ತಿರುವ ಮನೆಗಳಲ್ಲಿ ಇಂಥ ಬಾಟಲಿ ಇದ್ದರೆ ಅದನ್ನು ಮುಚ್ಚಿಡದೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಬಯ್ದರೂ ಬಯ್ದಾರು, ಮದ್ದಿನ ಪ್ರಮಾಣ ಸರಿಮಾಡಲು ಅವರಿಗೆ ಅದು ಗೊತ್ತಿರಬೇಕು.